ಬೊಗಸೆ ನೀರಿನ ಆಟಗಾರ

“ಗುರುಗಳೇ, ಕಾಲನ್ನು ಮಾರಿ ಮನಸ್ಸನ್ನು ನಮ್ಮ ಹತ್ತಿರವೇ ಇಟ್ಟುಕೊಳ್ಳಬಹುದೇ?” ಎಂದು ಮುನಿರಾಜು ಕೇಳಿದ.

ಅಭ್ಯಾಸ ಮುಗಿದಿತ್ತು. ಉಳಿದವರು ಮನೆಗೆ ಹೋಗಿದ್ದರು. ಗುರುಗಳು ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ಕುಳಿತು ಚೆಂಡುಗಳನ್ನು ಒತ್ತಿ ಗಾಳಿ ನೋಡುತ್ತಿದ್ದರು. ಅವರು ಒಂದು ಕಾಲದಲ್ಲಿ ಆಡಿದವರು, ಈಗ ಆಡಿಸುವವರು. ಮುನಿರಾಜು ಈ ಗುರುಗಳ ಕೈಯಲ್ಲಿ ಬೆಳೆದ ಫುಟ್‌ಬಾಲ್ ಆಟಗಾರ. ಕಡಲಾಚೆಯ ಒಂದು ದೇಶದ ತಂಡ ಅವನನ್ನು ಕರೆದಿತ್ತು. ಅವನ ಮೊಮ್ಮಕ್ಕಳೂ ಕುಳಿತು ಉಣ್ಣುವಷ್ಟು ಕೊಡುತ್ತೇವೆ ಎಂದಿತ್ತು. ತೊಡಕೆಂದರೆ, ಅದೇ ದೇಶದಲ್ಲಿ ಮೈದಾನ ಕಟ್ಟುವಾಗ ಸತ್ತ ಕೂಲಿಗಳಿಗಾಗಿ ಮುನಿರಾಜು ತೋಳಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಆಡುತ್ತ ಬಂದಿದ್ದ. ಆ ಕೂಲಿಗಳ ಮಾತೆತ್ತುವ ಆಟಗಾರರು ಬೇರೆ ಯಾರೂ ಇರಲಿಲ್ಲ. ಆಟ ಗೊತ್ತಿಲ್ಲದವರೂ ಅವನನ್ನು ಆ ಬಟ್ಟೆಯಿಂದ ಗುರುತಿಸುತ್ತಿದ್ದರು.

ಅಲ್ಲಿಯೂ ಬಟ್ಟೆ ಕಟ್ಟಿಕೊಂಡೇ ಆಡಬಹುದು, ಯಾರೂ ತಡೆಯುವುದಿಲ್ಲ ಎಂದು ಅವರು ಒಪ್ಪಿದ್ದಾರೆ ಎಂದು ಮುನಿರಾಜು ಹೇಳಿದ. ಬೆಳಿಗ್ಗೆ ಸಹಿ ಹಾಕಬೇಕಿತ್ತು. ಮಾತಾಡುತ್ತ ಅವನು ಬ್ಯಾಂಡೇಜು ಸುತ್ತಿದ ಬಲಮಂಡಿಯನ್ನು ಸವರಿಕೊಳ್ಳುತ್ತಿದ್ದ. ಆ ಮಂಡಿ ಇನ್ನೊಂದು ವರ್ಷ ಬಾಳಿದರೆ ಹೆಚ್ಚು ಎಂದು ಡಾಕ್ಟರು ಹೇಳಿಯಾಗಿತ್ತು.

ಗುರುಗಳು ಚೆಂಡನ್ನು ಕೆಳಗಿಟ್ಟರು. “ನೀನು ಪ್ರಶ್ನೆ ಕೇಳಲು ಬಂದವನಲ್ಲ, ಬೆನ್ನು ತಟ್ಟಿಸಿಕೊಳ್ಳಲು ಬಂದವನು. ಅದಕ್ಕೆ ನನ್ನ ಕೈಗೆ ಬಿಡುವಿಲ್ಲ. ಕತೆ ಬೇಕಾದರೆ ಹೇಳುತ್ತೇನೆ, ಕುಳಿತುಕೋ” ಎಂದರು. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಆಟಗಾರನಿದ್ದ. ಚೆನ್ನಾಗಿ ಆಡುತ್ತಿದ್ದ. ಅಷ್ಟು ಚೆನ್ನಾಗಿ ಆಡುವವರು ಬೇರೆ ಊರುಗಳಲ್ಲಿಯೂ ಇದ್ದರು.

ಆ ಊರಿನ ಮೈದಾನದ ಹುಲ್ಲಿಗೆ ಒಬ್ಬ ಹೆಂಗಸು ನೀರು ಹಾಕುತ್ತಿದ್ದಳು. ಅವಳು ಊರಾಚೆಯ ಕೇರಿಯವಳು. ಅವಳು ಸೇದಿದ ನೀರನ್ನು ಹುಲ್ಲು ಕುಡಿಯುತ್ತಿತ್ತು, ಊರಿನವರು ಕುಡಿಯುತ್ತಿರಲಿಲ್ಲ. ಮೈದಾನದ ಎದುರಿನ ಟೀ ಅಂಗಡಿಯಲ್ಲಿ ಕೇರಿಯವರಿಗೆಂದು ಒಂದು ತಗಡಿನ ಲೋಟ ಹೊರಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅವರು ಬಂದರೆ ತಾವೇ ಅದನ್ನು ತೆಗೆದು ನೆಲದ ಮೇಲಿಡಬೇಕು. ಅಂಗಡಿಯವನು ಮೇಲಿನಿಂದ ಟೀ ಹುಯ್ಯುತ್ತಿದ್ದ. ಕುಡಿದ ಮೇಲೆ ತಾವೇ ತೊಳೆದು ಮತ್ತೆ ಮೊಳೆಗೆ ಹಾಕಬೇಕು. ಹೀಗೆಂದು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಇಂಥದ್ದನ್ನು ಬರೆದಿಡುವ ಅಗತ್ಯವಿರುವುದಿಲ್ಲ, ತಾಯಿಯ ಹಾಲಿನ ಜೊತೆಗೇ ಎಲ್ಲರಿಗೂ ಗೊತ್ತಾಗಿರುತ್ತದೆ.

ಒಂದು ಬೇಸಿಗೆಯ ಪಂದ್ಯದಲ್ಲಿ ಆಟಗಾರ ಬಿಸಿಲಿಗೆ ತಲೆ ಸುತ್ತಿ ಬಿದ್ದ. ತಂಡದವರು ನೀರಿಗಾಗಿ ಅತ್ತಿತ್ತ ಓಡಾಡಿದರು. ಆ ಹೆಂಗಸು ಕೊಡ ಹಿಡಿದು ಓಡಿ ಬಂದಳು. ಬಂದವಳು ಮೈದಾನದ ಗೆರೆಯ ಹತ್ತಿರ ನಿಂತುಬಿಟ್ಟಳು. ಆಟ ನಡೆಯುವಾಗ ಒಳಗೆ ಕಾಲಿಡಲು ಅವಳಿಗೆ ಹೆದರಿಕೆ. ಆಟಗಾರ ತೆವಳಿಕೊಂಡು ಗೆರೆಯವರೆಗೆ ಹೋದ. ಬೊಗಸೆ ಒಡ್ಡಿದ. ಅವಳು ಹುಯ್ದಳು, ಅವನು ಕುಡಿದ. ಊರು ನೋಡುತ್ತಿತ್ತು. ಹಿಂದಿನಿಂದ ಯಾರೋ ಅವಳ ಜಾತಿ ಹಿಡಿದು ಕೆಟ್ಟ ಮಾತು ಆಡಿದರು.

ಆಟಗಾರನಿಗೆ ಸಿಟ್ಟು ಬಂತು. ಆ ಸಿಟ್ಟು ನಿಜವಾದದ್ದು, ಅದರಲ್ಲಿ ನನಗೆ ಸಂಶಯವಿಲ್ಲ. ಅಂದಿನಿಂದ ಅವನು ಪ್ರತಿ ಪಂದ್ಯಕ್ಕೆ ಮೊದಲು ಗೆರೆಯ ಹತ್ತಿರ ಹೋಗಿ, ಎಲ್ಲರೂ ನೋಡುವಂತೆ ಅವಳ ಕೊಡದಿಂದ ಬೊಗಸೆ ತುಂಬ ನೀರು ಕುಡಿದೇ ಆಟಕ್ಕೆ ಇಳಿಯುತ್ತಿದ್ದ.

ಮೊದಮೊದಲು ಊರು ಮುಖ ತಿರುಗಿಸಿತು. ಅವನ ಮನೆಯ ಹೆಂಚಿಗೆ ಕಲ್ಲು ಬಿತ್ತು. ನೆಂಟರು ಮದುವೆಗೆ ಕರೆಯುವುದನ್ನು ಬಿಟ್ಟರು. ಅವನು ಜಗ್ಗಲಿಲ್ಲ. ಆಮೇಲೆ ತಂಡದ ಒಬ್ಬ ಕುಡಿದ, ಇನ್ನೊಬ್ಬ ಕುಡಿದ. ಗೆಲ್ಲುವವರು ಏನು ಮಾಡಿದರೂ ಜನ ಅದನ್ನು ಕಲಿಯುತ್ತಾರೆ, ಆ ತಂಡ ಗೆಲ್ಲುತ್ತಲೂ ಇತ್ತು. ಕೊನೆಗೆ ಆಟ ನೋಡಲು ಬಂದವರೂ ಬಾಯಾರಿದಾಗ ಆ ಕೊಡದ ಹತ್ತಿರ ಹೋಗತೊಡಗಿದರು. ಆಟಗಾರನನ್ನು ಸ್ವಾಮಿ ಎನ್ನುತ್ತಿದ್ದ ಹೆಂಗಸು ಅಣ್ಣ ಎನ್ನುವಂತಾದಳು. ಒಂದು ದಿನ ಟೀ ಅಂಗಡಿಯವನು ಮೊಳೆಯ ಲೋಟವನ್ನು ತೆಗೆದು ತಿಪ್ಪೆಗೆ ಎಸೆದ. ಹೆಂಗಸು ಅದನ್ನು ಆರಿಸಿಕೊಂಡು ಹೋಗಿ ಮನೆಯಲ್ಲಿ ಇಟ್ಟುಕೊಂಡಳು. ಯಾಕೆಂದು ಯಾರೂ ಕೇಳಲಿಲ್ಲ.

ಆಟಗಾರನ ಚಿತ್ರ ದೇಶ ವಿದೇಶಕ್ಕೆ ಹೋಯಿತು. ಅದು ಗೋಲು ಹೊಡೆಯುವ ಚಿತ್ರವಲ್ಲ, ಬೊಗಸೆ ಒಡ್ಡಿದ ಚಿತ್ರ.

ಕಾಲ ಕಳೆಯಿತು. ಆಟಗಾರನ ಮಂಡಿ ಸವೆಯಿತು. ಅರ್ಧ ಆಟ ಓಡಿದರೆ ಉಳಿದರ್ಧ ಕುಂಟುತ್ತಿದ್ದ. ಊರಿನ ತಂಡದವರೇ ಅವನ ಜಾಗಕ್ಕೆ ಬೇರೊಬ್ಬನನ್ನು ನೋಡುತ್ತಿದ್ದರು. ಆಗ ಕಡಲಾಚೆಯ ಒಬ್ಬ ದೊರೆ ಕಳಿಸಿದ ವ್ಯಾಪಾರಿ ಬಂದ. ದೊರೆಗೆ ಒಂದು ತಂಡವಿತ್ತು. ದೊಡ್ಡ ಮೈದಾನವಿತ್ತು. ಒಳ್ಳೆಯ ಹೆಸರೊಂದು ಇರಲಿಲ್ಲ. ದುಡಿಯಲು ಬಂದ ಕೂಲಿಗಳ ಪಾಸ್‌ಪೋರ್ಟು ಕಿತ್ತಿಟ್ಟುಕೊಳ್ಳುತ್ತಾರೆ, ಜನ ಬರುವ ಹೊತ್ತಿಗೆ ಅವರನ್ನು ದನ ಅಟ್ಟಿದಂತೆ ಶೆಡ್ಡಿಗೆ ಅಟ್ಟಿ ಬಾಗಿಲು ಹಾಕುತ್ತಾರೆ ಎಂದು ಎಲ್ಲ ಕಡೆ ಸುದ್ದಿಯಾಗಿತ್ತು. ಬೇರೆ ದೇಶದ ತಂಡಗಳು ಅಲ್ಲಿಗೆ ಹೋಗಲು ಹಿಂಜರಿಯುತ್ತಿದ್ದವು.

ವ್ಯಾಪಾರಿ ಹೇಳಿದ ಮೊತ್ತ ಕೇಳಿ ಆಟಗಾರನಿಗೆ ಮಂಡಿನೋವು ಮರೆತುಹೋಯಿತು. ಆದರೂ ಅವನು ಒಳ್ಳೆಯವನು. ಒಳ್ಳೆಯವರಿಗೆ ಸುಮ್ಮನೆ ಒಪ್ಪಿಕೊಳ್ಳಲು ಆಗುವುದಿಲ್ಲ, ಒಂದು ಷರತ್ತು ಬೇಕಾಗುತ್ತದೆ. ಅಲ್ಲಿಯೂ ಪಂದ್ಯಕ್ಕೆ ಮೊದಲು ಹುಲ್ಲಿಗೆ ನೀರು ಹಾಕುವ ಕೂಲಿಯ ಕೈಯಿಂದ ಬೊಗಸೆ ನೀರು ಕುಡಿಯುತ್ತೇನೆ, ತಡೆಯುವುದಾದರೆ ಬರುವುದಿಲ್ಲ ಎಂದ. ವ್ಯಾಪಾರಿ ಚೌಕಾಸಿ ಮಾಡಲಿಲ್ಲ. ದೊರೆಯನ್ನು ಕೇಳಿ ಹೇಳುತ್ತೇನೆ ಎನ್ನಲಿಲ್ಲ. ಧಾರಾಳವಾಗಿ ಕುಡಿಯಿರಿ ಎಂದು ನಕ್ಕ. ಆಟಗಾರ ತಾನು ಗೆದ್ದೆ ಎಂದುಕೊಂಡ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ, ನಾವು ಕೇಳಿದ ಬೆಲೆಗೆ ತಕ್ಷಣ ಕೊಟ್ಟುಬಿಟ್ಟರೆ ಹುಳ ಇದೆಯೇನೋ ಎಂದು ತಿರುಗಿಸಿ ನೋಡುತ್ತೇವೆ. ಇವನು ತಿರುಗಿಸಿ ನೋಡಲಿಲ್ಲ.

ಹೊರಡುವ ಮೊದಲು ಹೆಂಗಸಿಗೆ ಹೇಳಲು ಹೋದ. ದೂರ ನಿಂತು ಬೈಯುವುದಕ್ಕಿಂತ ಒಳಗೆ ಹೋಗಿ ತಿದ್ದುವುದು ಮೇಲು ಎಂದ. ಅವಳ ತಮ್ಮ ಅದೇ ದೇಶಕ್ಕೆ ಕೂಲಿಗೆ ಹೋಗಿದ್ದ. ದೊರೆಯ ಮೈದಾನದಲ್ಲೇ ಹುಲ್ಲಿಗೆ ನೀರು ಹಾಕುವ ಕೆಲಸ ಸಿಕ್ಕಿತೆಂದು ಒಮ್ಮೆ ಫೋನು ಮಾಡಿದ್ದ. ಆಮೇಲೆ ಫೋನು ಬರಲಿಲ್ಲ. ಬದುಕಿದ್ದಾನೋ ಇಲ್ಲವೋ ಹೇಳುವವರಿರಲಿಲ್ಲ.

“ಚಿಕ್ಕವ್ನಿದ್ದಾಗ ಬಾವಿ ರಾಟೆಗೆ ಸಿಕ್ಕಿ ಅವನ ಬಲಗೈ ಕಿರುಬೆರಳು ಹೋಗೈತೆ ಕಣಣ್ಣ” ಎಂದಳು. “ನೀನು ಬೊಗಸೆ ಒಡ್ಡಿದಾಗ ಹುಯ್ಯೋ ಕೈ ನೋಡು. ಅವ್ನೇ ಆಗಿದ್ರೆ, ಅಕ್ಕ ಕಾಯ್ತಾವ್ಳೆ ಅಂತ ಹೇಳು. ಇಲ್ಲಿ ಅಂಗ್ಡಿ ಟೀವೀಲಿ ನಾನೂ ನೋಡ್ತಿರ್ತೀನಿ.”

ಆಟಗಾರ ಅವಳ ಕೊಡ ಮುಟ್ಟಿ ಮಾತು ಕೊಟ್ಟ.

ಕಡಲಾಚೆಯ ಮೊದಲ ಪಂದ್ಯಕ್ಕೆ ಮೈದಾನ ಕಿಕ್ಕಿರಿದಿತ್ತು. ಗೆರೆಯ ಹತ್ತಿರ ಒಬ್ಬ ಹರಕು ಅಂಗಿಯವನು ಕೊಡ ಹಿಡಿದು ನಿಂತಿದ್ದ. ಸುತ್ತಲೂ ಕ್ಯಾಮೆರಾಗಳಿದ್ದವು. ಆಟಗಾರ ಬೊಗಸೆ ಒಡ್ಡಿ, ಹುಯ್ಯುವ ಕೈಯನ್ನು ನೋಡಿದ. ಐದು ಬೆರಳೂ ಇದ್ದವು. ಅದು ಹೋಗಲಿ, ಅಲ್ಲಿ ಕೂಲಿಗಳು ಎಷ್ಟೋ ಜನ. ಆದರೆ ಆ ಕೈ ಮೆತ್ತಗಿತ್ತು. ದುಡಿದ ಗುರುತು ಒಂದೂ ಇರಲಿಲ್ಲ. ಉಗುರುಗಳನ್ನು ಒಪ್ಪವಾಗಿ ಕತ್ತರಿಸಲಾಗಿತ್ತು. ಸೆಂಟಿನ ವಾಸನೆ ಬರುತ್ತಿತ್ತು. ಹರಕು ಅಂಗಿಗೆ ಇಸ್ತ್ರಿ ಹಾಕಿತ್ತು. ಇವನು ಕೂಲಿಯಲ್ಲ, ಕೂಲಿಯ ವೇಷ ಹಾಕಿಸಿ ವ್ಯಾಪಾರಿ ನಿಲ್ಲಿಸಿದವನು ಎಂದು ಆಟಗಾರನಿಗೆ ನೀರು ಬಾಯಿಗೆ ತಾಗುವ ಮೊದಲೇ ತಿಳಿಯಿತು.

ನೀರು ಬೊಗಸೆಯಲ್ಲಿತ್ತು. ಚೆಲ್ಲಬಹುದಿತ್ತು. ಅದಕ್ಕೆ ಧೈರ್ಯ ಕೂಡ ಬೇಕಾಗಿರಲಿಲ್ಲ, ಬೆರಳು ಸಡಿಲ ಬಿಟ್ಟರೆ ಸಾಕು, ನೀರು ತಾನಾಗಿಯೇ ಹೋಗುತ್ತಿತ್ತು. ಅವನು ಕುಡಿದ. ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಪಂದ್ಯ ಮುಗಿದ ಮೇಲೆ ವ್ಯಾಪಾರಿಯನ್ನು ಕೇಳಿದ. ನಿಜವಾದ ಕೂಲಿಗಳು ಜನ ಬರುವ ಮೊದಲೇ ಕೆಲಸ ಮುಗಿಸಿ ಶೆಡ್ಡು ಸೇರುತ್ತಾರೆ, ಅತಿಥಿಗಳ ಕಣ್ಣಿಗೆ ಅವರು ಬೀಳುವುದು ದೊರೆಗೆ ಇಷ್ಟವಿಲ್ಲ ಎಂದು ವ್ಯಾಪಾರಿ ಬಹಳ ವಿನಯದಿಂದ ಹೇಳಿದ. ಶೆಡ್ಡಿಗೆ ಹೋಗಿ ನೋಡಬಹುದೇ ಎಂದು ಆಟಗಾರ ಕೇಳಿದ. ಹೋಗಬಹುದು, ಆದರೆ ಅಲ್ಲಿಗೆ ಹೋದವನು ಮತ್ತೆ ತಂಡಕ್ಕೆ ಬರುವಂತಿಲ್ಲ ಎಂದ. ಶೆಡ್ಡು ಮೈದಾನದ ಹಿಂದೆಯೇ ಇತ್ತು. ಆಟಗಾರ ಸಂಜೆ ತನ್ನ ಹೋಟೆಲಿನ ಕಿಟಕಿಯಿಂದ ಅದರ ತಗಡನ್ನು ನೋಡಿದ. ಈ ವಾರ ಬೇಡ, ಕಾಲೂರಿದ ಮೇಲೆ ಕೇಳೋಣ ಎಂದುಕೊಂಡ. ಕಾಲೂರಿದ ಮೇಲೆ ಕೇಳುವುದು ಇನ್ನೂ ಕಷ್ಟವಾಯಿತು.

ಪ್ರತಿ ಪಂದ್ಯದಲ್ಲೂ ಆ ಮೆತ್ತನೆಯ ಕೈ ಹುಯ್ದಿತು, ಅವನು ಕುಡಿದ. ತನ್ನ ಮನಸ್ಸು ಮಾತ್ರ ಕೂಲಿಗಳ ಕಡೆಗೇ ಇದೆ ಎಂದು ಹೇಳಿಕೊಳ್ಳುತ್ತಿದ್ದ. ಅದು ಸುಳ್ಳೂ ಅಲ್ಲ. ಕುಡಿದ ದಿನ ಊಟ ಸೇರುತ್ತಿರಲಿಲ್ಲವಂತೆ. ಮಂಡಿಯಿಂದಾಗಿ ಆಡುವುದು ಕಡಿಮೆಯಾಯಿತು. ಎಷ್ಟೋ ಸಲ ನೀರು ಕುಡಿದು ಬಂದವನು ಆಟ ಮುಗಿಯುವವರೆಗೂ ಬೆಂಚಿನ ಮೇಲೆಯೇ ಕುಳಿತ. ಯಾರೂ ಆಕ್ಷೇಪಿಸಲಿಲ್ಲ. ದುಡ್ಡು ಕೊಟ್ಟದ್ದು ಯಾತಕ್ಕೆಂದು ಅವನಿಗೆ ಆಗಲೂ ಹೊಳೆಯಲಿಲ್ಲ.

ದೊರೆ ಆ ಚಿತ್ರವನ್ನು ಎಲ್ಲ ದೇಶಗಳಿಗೂ ಕಳಿಸಿದ. ಕೂಲಿಗಳ ಪರವಾಗಿ ಯಾರಾದರೂ ಬಾಯಿ ತೆರೆದರೆ, ದಿನವೂ ಅವರ ಕೈಯ ನೀರು ಕುಡಿಯುವ ಈ ಮನುಷ್ಯನಿಗಿಂತ ನಿಮಗೆ ಹೆಚ್ಚು ಗೊತ್ತೇ ಎಂದು ಕೇಳಿದ. ಬಾಯಿ ತೆರೆದವರು ಮುಚ್ಚಿದರು. ಹಿಂಜರಿಯುತ್ತಿದ್ದ ತಂಡಗಳು ಒಂದೊಂದಾಗಿ ಬಂದವು. ಶೆಡ್ಡಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುವುದು ಮಾತ್ರ ನಿಲ್ಲಲಿಲ್ಲ.

ಊರಿನ ಟೀ ಅಂಗಡಿಯಲ್ಲಿ ಜನ ಟೀವಿ ನೋಡಿ ಹಿಗ್ಗಿದರು. ಎಲ್ಲಿ ಹೋದರೂ ನಮ್ಮವನು ಬದಲಾಗಲಿಲ್ಲ ಎಂದರು. ಹೆಂಗಸು ಹಿಂದೆ ನಿಂತು ಹುಯ್ಯುವ ಕೈಯನ್ನು ನೋಡಿದಳು. ಮುಂದಿನ ಪಂದ್ಯಕ್ಕೂ ಬಂದು ನೋಡಿದಳು. ಅದೇ ಕೈ. ಜೀವಮಾನವೆಲ್ಲ ಕೊಡ ಹೊತ್ತವಳಿಗೆ, ಕೊಡ ಹಿಡಿಯಲು ಬಾರದವನು ಯಾರು ಎಂದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಆಮೇಲೆ ಅವಳು ನೋಡಲು ಬರಲಿಲ್ಲ.

ಮರುವರ್ಷ ಅವಳ ತಮ್ಮ ಪೆಟ್ಟಿಗೆಯಲ್ಲಿ ಬಂದ. ಜೊತೆಗೆ ಬಂದ ಕೂಲಿಯೊಬ್ಬ ನಡೆದದ್ದನ್ನು ಹೇಳಿದ. ತಮ್ಮ ಅಷ್ಟು ದಿನವೂ ಮೈದಾನದ ಹಿಂದಿನ ಶೆಡ್ಡಿನಲ್ಲೇ ಇದ್ದ. ಜ್ವರ ಬಂದಾಗ ಡಾಕ್ಟರನ್ನು ಕರೆಸಲಿಲ್ಲ. ಆಟಗಾರ ಬೊಗಸೆ ಒಡ್ಡಿದಾಗ ಜನ ತಟ್ಟುವ ಚಪ್ಪಾಳೆ ಶೆಡ್ಡಿನೊಳಗೆ ಚೆನ್ನಾಗಿ ಕೇಳಿಸುತ್ತಿತ್ತಂತೆ. ನಮ್ಮೂರ ಅಣ್ಣ ಬಂದಿದ್ದಾನೆ, ಇನ್ನೇನು ಬಾಗಿಲು ತೆಗೆಸುತ್ತಾನೆ ಎಂದು ತಮ್ಮ ಎಲ್ಲರಿಗೂ ಹೇಳುತ್ತಿದ್ದನಂತೆ.

ಕರಾರು ಮುಗಿಸಿ ಆಟಗಾರ ಊರಿಗೆ ಮರಳಿದ. ಊರಿನವರು ಹಾರ ಹಾಕಿ ಮೈದಾನಕ್ಕೆ ಕರೆತಂದರು. ಹೆಂಗಸು ಎಂದಿನಂತೆ ಗೆರೆಯ ಹತ್ತಿರ ಕೊಡ ಹಿಡಿದು ನಿಂತಿದ್ದಳು. ಪೆಟ್ಟಿಗೆ ಬಂದ ಸುದ್ದಿ ಅವನಿಗೂ ಮುಟ್ಟಿತ್ತು. ಅವಳು ಬೈಯುತ್ತಾಳೆ, ತಾನು ಕಾಲಿಗೆ ಬೀಳುತ್ತೇನೆ, ಅಲ್ಲಿಗೆ ಮುಗಿಯುತ್ತದೆ ಎಂದು ಅವನು ದಾರಿಯುದ್ದಕ್ಕೂ ಎಣಿಸಿದ್ದ. ಹತ್ತಿರ ಹೋಗಿ, ಏನೂ ತೋಚದೆ, ಬೊಗಸೆ ಒಡ್ಡಿದ.

ಅವಳು ಬೈಯಲಿಲ್ಲ. ಸೊಂಟದ ಸೆರಗಿನಿಂದ ಆ ತಗಡಿನ ಲೋಟವನ್ನು ತೆಗೆದಳು. ಅವನ ಮುಂದೆ ನೆಲದ ಮೇಲಿಟ್ಟಳು. ಮೇಲಿನಿಂದ ನೀರು ಹುಯ್ದು ಹಿಂದಕ್ಕೆ ಸರಿದು ನಿಂತಳು.

“ಕುಡಿದಾದ್ಮೇಲೆ ನೀವೇ ತೊಳೆದು ಇಡಿ ಸ್ವಾಮಿ” ಎಂದಳು.

ಗುರುಗಳು ಕತೆ ನಿಲ್ಲಿಸಿ ಚೆಂಡುಗಳನ್ನು ಚೀಲಕ್ಕೆ ತುಂಬತೊಡಗಿದರು. ಕತೆ ಅಷ್ಟೇ ಎಂದು ಗೊತ್ತಾದಾಗ ಮುನಿರಾಜು, “ಆದರೂ ಗುರುಗಳೇ, ಅವರು ಕೊಂಡದ್ದು ಅವನ ಕಾಲನ್ನು ತಾನೇ?” ಎಂದ.

ಗುರುಗಳು ಚೀಲದ ಬಾಯಿ ಕಟ್ಟಿ, ಅವನ ಬ್ಯಾಂಡೇಜಿನ ಕಡೆ ನೋಡಿದರು.

“ಈ ಮಂಡಿಗೆ ಅಷ್ಟು ದುಡ್ಡು ಯಾರು ಕೊಡುತ್ತಾರೆ, ಮುನಿರಾಜು?”

ಮಂಡಿ ಸವರುತ್ತಿದ್ದ ಮುನಿರಾಜುವಿನ ಕೈ ತೋಳಿನ ಕಪ್ಪು ಬಟ್ಟೆಯ ಮೇಲೆ ಹೋಗಿ ನಿಂತಿತು.