ಮುಳುಗದಪ್ಪನ ಗುಡ್ಡ

ಮಾಳಗೊಂಡಿಯಲ್ಲಿ ಬಸ್ಸಿಳಿದು ಉತ್ತರಕ್ಕೆ ನೋಡಿದರೆ ಹುಲ್ಲುಕಡ್ಡಿಯೂ ಹುಟ್ಟದ ಬೋಳುಬಂಡೆಯೊಂದು ಕಾಣುತ್ತದೆ. ಅದೇ ಮುಳುಗದಪ್ಪನ ಗುಡ್ಡ. ನೆತ್ತಿಯ ಮೇಲೆ ಕೊಪ್ಪರಿಗೆಯಷ್ಟಗಲದ ನೀರಿನ ದೊಣೆ, ಗಂಟೆ ತೂಗುಹಾಕಲು ನಿಲ್ಲಿಸಿದ ಎರಡು ಕಲ್ಲುಗಂಬ, ಪಕ್ಕದಲ್ಲಿ ಆಳು ಬಗ್ಗಿ ಹೋಗಬೇಕಾದ ಗುಡಿ. ಗುಡಿಯಲ್ಲಿ ಲಿಂಗವಿಲ್ಲ, ವಿಗ್ರಹವಿಲ್ಲ. ಕುಂಕುಮ ಮೆತ್ತಿದ ತಾಮ್ರದ ಬಟ್ಟಲೊಂದಿದೆ. ಅದೇ ಮುಳುಗದಪ್ಪ. ಬಟ್ಟಲು ದೇವರಾದದ್ದು ಹೇಗೆಂದು ಪೂಜಾರಿಗಳನ್ನು ಕೇಳಿದರೆ ಮಹಿಮೆ ಎನ್ನುತ್ತಾರೆ. ಕೆಳಗೇರಿಯ ಮುದುಕಿಯರು ಹೇಳುವುದು ಬೇರೆ.

ಹಿಂದೆ ಒಮ್ಮೆ, ಹಾಲಪ್ಪ ನಾಯಕನೆಂಬ ಪಾಳೆಯಗಾರ ಈ ಸೀಮೆಯನ್ನು ಆಳುತ್ತಿದ್ದಾಗ, ಊರಿನ ಹೊತ್ತೆಲ್ಲ ಈ ಬಟ್ಟಲಲ್ಲಿತ್ತಂತೆ. ತಳದಲ್ಲಿ ಸೂಜಿಮೊನೆಯಷ್ಟು ತೂತು; ದೊಣೆಯಲ್ಲಿ ತೇಲಿಬಿಟ್ಟರೆ ನೀರು ತುಂಬಿ ಮುಳುಗಲು ಸರಿಯಾಗಿ ಒಂದು ಗಳಿಗೆ. ಮುಳುಗಿದೊಡನೆ ಗಂಟೆ. ಗಂಟೆ ಕೇಳಿ ನೀರುಗಂಟಿ ಕೆರೆಯ ನೀರನ್ನು ಒಂದು ಕೇರಿಯಿಂದ ಇನ್ನೊಂದು ಕೇರಿಯ ಗದ್ದೆಗೆ ತಿರುಗಿಸುತ್ತಿದ್ದ. ಬಟ್ಟಲು ಕಾಯುವವಳು ಸಿರಿಯವ್ವ, ಕೆಳಗೇರಿಯ ಹೆಂಗಸು. ಅಪ್ಪನಿಂದ ಬಂದ ಕೆಲಸ. ಗಂಡ ಸತ್ತ ಮೇಲೂ ಕೆಲಸ ಅವಳಲ್ಲೇ ಉಳಿದದ್ದಕ್ಕೆ ಕಾರಣ ಗೌರವವಲ್ಲ. ಬಿಸಿಲಲ್ಲಿ ಸುಡುವ ಆ ಬಂಡೆಯ ಮೇಲೆ ದಿನವಿಡೀ ಕೂರಲು ಗಂಡಸರಾರೂ ಒಪ್ಪಲಿಲ್ಲ, ಅಷ್ಟೆ. ಮಳೆಯೋ ಗಾಳಿಯೋ ಬಟ್ಟಲನ್ನು ಕೆಡಿಸಿದ ದಿನ ಗಳಿಗೆಗೆ ಮುನ್ನೂರರವತ್ತು ಉಸಿರು ಎಂದು ಎಣಿಸುವುದನ್ನೂ ಅಪ್ಪ ಅವಳಿಗೆ ಕಲಿಸಿದ್ದ. ಎಣಿಸುವಾಗ ಸಿಟ್ಟು ಬರಬಾರದು. ಸಿಟ್ಟು ಬಂದರೆ ಉಸಿರು ಓಡುತ್ತದೆ, ಗಳಿಗೆ ಸುಳ್ಳಾಗುತ್ತದೆ.

ಆ ವರ್ಷ ನಾಯಕ ಕೋಟೆಗೆ ಹೊಸ ಬಾಗಿಲು ಇಡಿಸಲು ಹೊರಟ. ಸೂರ್ಯ ಹುಟ್ಟಿದ ನಾಲ್ಕನೆಯ ಗಳಿಗೆಗೆ ಕಂಬ ನಿಲ್ಲಬೇಕು, ತಪ್ಪಿದರೆ ದೊರೆತನಕ್ಕೇ ಕೇಡು ಎಂದು ಆಸ್ಥಾನದ ಕೇಶವ ಜೋಯಿಸರು ಡಂಗುರ ಹೊಡೆಸಿದರು. ಅದೇ ನಾಲ್ಕನೆಯ ಗಂಟೆಗೆ ಮೇಲುಗೇರಿಯ ನೀರು ನಿಂತು ಕೆಳಗೇರಿಯ ಸರದಿ ಶುರುವಾಗಬೇಕಿತ್ತು. ಪೈರು ಹಾಲುತುಂಬುವ ಕಾಲ, ಕೆರೆಯಲ್ಲಿ ಉಳಿದದ್ದು ತಳದ ನೀರು. ಮೂರು ಸಲ ಗಂಟೆ ಹೊಡೆದಾಯಿತು. ನಾಲ್ಕನೆಯ ಬಟ್ಟಲು ತೇಲುತ್ತಿರುವಾಗ ಜೋಯಿಸರು ಏದುಸಿರು ಬಿಡುತ್ತ ಬಂಡೆ ಹತ್ತಿ ಬಂದರು. ಹಿಂದೆ ಇಬ್ಬರು ಭಂಟರು.

“ಸ್ವಲ್ಪ ನಿಧಾನ ಮಾಡೇ ಸಿರಿಯವ್ವ. ದೊರೆಗಳು ಇನ್ನೂ ಹೊಳೆ ದಾಟಿಲ್ಲ.”

“ಹೊಳೆ ದಾಟದವರು ದೊರೆಗಳು ಸ್ವಾಮೀ, ಬಟ್ಟಲಲ್ಲ. ಹೊತ್ತು ಮೀರಿದರೆ ಕೇಡು ಅಂತ ಸಾರಿಸಿದ್ದೂ ನೀವೇ.”

“ಹೊತ್ತು ಇಟ್ಟೋನಿಗೇ ಹೊತ್ತು ಕಲಿಸ್ತೀಯಾ? ಅರ್ಧ ಗಳಿಗೆ ತಡವಾದರೆ ನಿಮ್ಮ ಕೇರಿಯೇನು ಕೊಚ್ಚಿಹೋಗಲ್ಲ.”

“ಕೊಚ್ಚಿಹೋಗೋಕೆ ನೀರೆಲ್ಲಿದೆ? ಕೆರೇಲಿರೋದೇ ಒಂದು ಗಳಿಗೆ ನೀರು. ಅದರಲ್ಲರ್ಧ ಮೇಲುಗೇರಿಗೆ ಹೋದರೆ ನಾವು ಒಣಹುಲ್ಲು ಕುಯ್ಯಬೇಕಾಗುತ್ತೆ.”

ಜೋಯಿಸರು ದೊಣೆಗೆ ಬಗ್ಗಿದರು. ಬಟ್ಟಲನ್ನು ಎತ್ತಿ, ಉಗುರಿನಷ್ಟು ಜೇನುಮೇಣವನ್ನು ತಳದ ತೂತಿಗೆ ಒತ್ತಿ, ಮತ್ತೆ ತೇಲಿಬಿಟ್ಟರು. ಭಂಟರು ದೊಣೆಗೆ ಅಡ್ಡ ನಿಂತರು. ಗಂಟೆಗೆ ಯಾರೂ ಕಾವಲಿರಲಿಲ್ಲ. ಬಟ್ಟಲು ಮುಳುಗದೆ ಈ ಹೆಂಗಸು ಗಂಟೆ ಹೊಡೆಯುವುದುಂಟೆ ಎಂದುಕೊಂಡಿರಬೇಕು. ಅವಳ ಪ್ರಾಮಾಣಿಕತೆಯ ಮೇಲೆ ಅವರಿಗೂ ಅಷ್ಟು ನಂಬಿಕೆಯಿತ್ತು. ಸಿರಿಯವ್ವ ಗಂಟೆಯ ಕಂಬಕ್ಕೆ ಒರಗಿ ಕುಳಿತಳು. ಬಟ್ಟಲು ಎಲ್ಲಿಯವರೆಗೆ ತುಂಬಿತ್ತೆಂದು ಅವಳು ನೋಡಿಟ್ಟುಕೊಂಡಿದ್ದಳು: ಮುಕ್ಕಾಲು. ಉಳಿದದ್ದು ತೊಂಬತ್ತು ಉಸಿರು. ಜೋಯಿಸರ ಕತ್ತು ಹಿಸುಕಬೇಕೆನಿಸುವಾಗ ಸಮನಾಗಿ ಉಸಿರಾಡುವುದೇನು ಸಣ್ಣ ಕೆಲಸವೇ? ಕಣ್ಣು ಮುಚ್ಚಿ ಎಣಿಸಿದಳು. ತೊಂಬತ್ತಕ್ಕೆ ಎದ್ದು ಗಂಟೆ ಹೊಡೆದಳು.

ಊರಿಗೆ ಊರೇ ಕೇಳಿತು. ನೀರು ಕೆಳಗೇರಿಗೆ ತಿರುಗಿತು. ಕೋಟೆಬಾಗಿಲ ಕಂಬ ಮಾತ್ರ ಮಲಗಿಯೇ ಇತ್ತು. ಅರ್ಧ ಗಳಿಗೆ ಕಳೆದು ಬಂದ ನಾಯಕ, ತನ್ನ ಮುಹೂರ್ತ ಮೀರಿದ್ದು ಎಲ್ಲರಿಗೂ ತಿಳಿದುಹೋಯಿತೆಂದು ಕೆಂಡವಾಗಿ ಬಂಡೆ ಹತ್ತಿದ. ಹಿಂದೆಯೇ ಜನ.

“ಇವಳು ಸುಳ್ಳುಗಂಟೆ ಹೊಡೆದಳು ಪ್ರಭು,” ಎಂದು ಜೋಯಿಸರು ದೊಣೆಯತ್ತ ಕೈ ತೋರಿದರು. “ನೋಡಿ, ಬಟ್ಟಲು ಇನ್ನೂ ಮುಳುಗಿಲ್ಲ! ದೇವರು ತಮಗಾಗಿ ಹೊತ್ತನ್ನೇ ಹಿಡಿದು ನಿಲ್ಲಿಸಿದ್ದಾನೆ.”

ಜನ ಕೈಮುಗಿದರು.

“ಯಾರಾದರೂ ಒಬ್ಬರು ಅದನ್ನು ಮಗುಚಿ ನೋಡಿ,” ಎಂದಳು ಸಿರಿಯವ್ವ. ಯಾರೂ ಕದಲಲಿಲ್ಲ. ಕೆಳಗೇರಿಯ ಹಿರಿಯ ಕೆಂಚಣ್ಣ ಮುಂದೆಯೇ ನಿಂತಿದ್ದ; ಗದ್ದೆಯಿಂದ ನೇರ ಓಡಿಬಂದ ಅವನ ಮೊಣಕಾಲತನಕ ಹಸಿ ಕೆಸರು. “ಕೆಂಚಣ್ಣಾ, ನೀನಾದರೂ ಮಗುಚೋ.”

ಕೆಂಚಣ್ಣ ತನ್ನ ಕಾಲಿನ ಕೆಸರು ನೋಡಿಕೊಂಡ. “ದೇವರ ಕೆಲಸದಲ್ಲಿ ನಾವು ಕೈಹಾಕೋದು ಬೇಡ ಕಣವ್ವ,” ಎಂದ.

ಗಂಟೆ ಹೊಡೆದ ಕೈಯ ಬೆರಳು ತೆಗೆಸಿ ಅವಳನ್ನು ಗಡಿ ದಾಟಿಸಬೇಕೆಂದು ಅಪ್ಪಣೆಯಾಯಿತು. ಜೋಯಿಸರು ತಾವೇ ಇನ್ನೊಮ್ಮೆ ಗಂಟೆ ಹೊಡೆದು ಕೋಟೆಯಲ್ಲಿ ಕಂಬ ನಿಲ್ಲುವಂತೆ ಮಾಡಿದರು. ಭಂಟರು ಎಳೆದೊಯ್ಯುವಾಗ ಸಿರಿಯವ್ವ ಶಪಿಸಲಿಲ್ಲವಂತೆ, ಅಳಲಿಲ್ಲವಂತೆ. ಅವಳ ತುಟಿ ಮಾತ್ರ ಏನನ್ನೋ ಎಣಿಸುತ್ತಿತ್ತು. ಕೆಂಚಣ್ಣನ ಎದುರು ಬಂದಾಗ ನಿಂತು, “ಐದನೇ ಗಳಿಗೆ ಆಯ್ತು. ನಿಮ್ಮ ಸರದಿ ಮುಗೀತು, ಹೋಗಿ ತೂಬು ಮುಚ್ಚು,” ಎಂದಳು ಎನ್ನುತ್ತಾರೆ.

ಕೋಟೆ ಈಗಿಲ್ಲ, ಬಾಗಿಲೂ ಇಲ್ಲ. ಬಟ್ಟಲಿದೆ. ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ಬಂಡೆ ಹತ್ತಿ ದೊಣೆಯಲ್ಲಿ ಮುತ್ತುಗದೆಲೆಯ ದೊನ್ನೆ ತೇಲಿಬಿಡುತ್ತಾರೆ, ಮುಳುಗದಿದ್ದರೆ ಗೆಲುವು. ನೀರಾವರಿಯ ಸಾಹೇಬರೂ ಬಡ್ತಿಗೆ ಹರಕೆ ಹೊರುತ್ತಾರೆ. ಹೈಸ್ಕೂಲಿನ ವಿಜ್ಞಾನದ ಮೇಡಂ ಒಬ್ಬರು ಮಕ್ಕಳೊಡನೆ ಬಂದು, ಬಟ್ಟಲಿನ ತಳ ಒಮ್ಮೆ ತೋರಿಸಿ ಎಂದು ಕೇಳಿದ್ದರು. ತಿಂಗಳೊಳಗೆ ಅವರಿಗೆ ವರ್ಗವಾಯಿತು. ಗುಡಿಯ ಬಾಗಿಲಲ್ಲಿ ಆಮೇಲೆ ಹಾಕಿಸಿದ ಹಳದಿ ಬೋರ್ಡು ಈಗಲೂ ಇದೆ. ಚಪ್ಪಲಿಯ ಬಗ್ಗೆ, ಫೋಟೋದ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಇರುವುದು ಒಂದೇ ಸಾಲು: ಬಟ್ಟಲನ್ನು ಮಗುಚಬಾರದು.