ಮೂತಿ ಮುರಿದ ಸಿಂಹ

ಪಾಳೇಗಾರ ಗುಡಿ ಕಟ್ಟಿಸುತ್ತಿದ್ದ. ಮೊದಲ ಕಂಬಕ್ಕೆ ಸಿಂಹ ಕೆತ್ತುವ ಕೆಲಸ ಕಾಳಾಚಾರಿಯ ಪಾಲಿಗೆ ಬಿತ್ತು. "ಸಿಂಹ ಅಂದರೆ ನಾನೇ. ಅದಕ್ಕೆ ಊನ ಬಂತೋ, ನಿನ್ನ ಹೆಬ್ಬೆರಳು ಇರೋದಿಲ್ಲ," ಎಂದಿದ್ದ ಪಾಳೇಗಾರ.

ಇನ್ನೆರಡು ದಿನದ ಕೆಲಸವಿತ್ತು. ಕಲ್ಲಿನೊಳಗಿನ ಬಿರುಕಿಗೆ ಉಳಿ ತಾಗಿ ಸಿಂಹದ ಮೂತಿ ಕಳಚಿ ಬಿತ್ತು. ಕಾಳಾಚಾರಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟ. ಹೆಬ್ಬೆರಳು ಹೋದರೆ ಉಳಿ ಹಿಡಿಯುವುದು ಹಾಗಿರಲಿ, ಅನ್ನ ಕಲಸುವುದೂ ಕಷ್ಟ. ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ನೋಡಿದ. ಮುಖದಿಂದ ಕಾಲಿನವರೆಗೆ ಇನ್ನೂ ಕೆತ್ತದ ಕಲ್ಲು ಉಳಿದಿತ್ತು. ಅದನ್ನೇ ಸೊಂಡಿಲು ಮಾಡಿಬಿಟ್ಟ.

ಪಾಳೇಗಾರ ಪರಿವಾರದೊಂದಿಗೆ ಬಂದು ನೋಡಿ ಕಣ್ಣು ಕೆಂಪಗೆ ಮಾಡಿದ. "ಏನೋ ಇದು? ಸಿಂಹಕ್ಕೆ ಸೊಂಡಿಲು!"

"ಸಿಂಹ ಅಲ್ಲ ಬುದ್ಧಿ, ಯಾಳಿ. ಆನೆಯನ್ನೇ ಸೀಳಿ ತಿನ್ನುವ ಮೃಗ. ನಮ್ಮಂಥವರ ಕಣ್ಣಿಗೆ ಬೀಳೋದಿಲ್ಲ. ಮಹಾಶೂರರಿಗೆ ಮಾತ್ರ ಕಾಡಿನಲ್ಲಿ ಎದುರಾಗುತ್ತದಂತೆ. ತಮಗೆ ಸಿಕ್ಕಿರಲೇಬೇಕು."

ಪರಿವಾರವೆಲ್ಲ ಒಡೆಯನ ಮುಖ ನೋಡಿತು. ಪಾಳೇಗಾರ ಮೀಸೆಯ ಮೇಲೆ ಕೈಯಾಡಿಸಿದ.

"ಸಿಗದೆ ಏನು? ಹೋದ ವರ್ಷ ಬೇಟೆಯಲ್ಲಿ ಎರಡು ಕಂಡಿದ್ದೆ."

ತಾವೂ ಕಂಡಿದ್ದೇವೆ ಎಂದು ಹಿಂದಿದ್ದ ಇಬ್ಬರು ದನಿಗೂಡಿಸಿದರು. ಬೆರಳು ಉಳಿಯಿತು. ಕಾಳಾಚಾರಿ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿದ. ಊರಿನ ಮುಖ ನೋಡಿ ನಾಲ್ಕು ವರ್ಷವಾಗಿತ್ತು.

"ಎಲ್ಲಿಗೆ ಹೊರಟೆ? ಉಳಿದ ನಲವತ್ತೇಳು ಕಂಬಕ್ಕೂ ಯಾಳಿಯೇ ಆಗಬೇಕು," ಎಂದ ಪಾಳೇಗಾರ. ಆಮೇಲೆ ಸೊಂಡಿಲನ್ನು ಕೋಲಿನಿಂದ ತಟ್ಟಿದ. "ನೋಡದವರು ಕೆತ್ತಿದರೆ ಹೀಗೇ ಆಗೋದು. ನಾನು ಕಂಡ ಯಾಳಿಯ ಸೊಂಡಿಲು ಎಡಕ್ಕೆ ಸುತ್ತಿತ್ತು. ಇನ್ನೊಮ್ಮೆ ತಪ್ಪಿದರೆ ಹೆಬ್ಬೆರಳು ಇರೋದಿಲ್ಲ."

ಕಾಳಾಚಾರಿ ಗಂಟು ಬಿಚ್ಚಿದ.

"ಎಷ್ಟು ಸುತ್ತು ಬುದ್ಧಿ?"