ಮೂರು ಬಾಗಿಲಿಂದ ಬಂದವರು

"ತಾಯಿ, ರೋಗಿಗೆ ಒಳ್ಳೆಯ ವೈದ್ಯ ಸಿಕ್ಕಿದರೆ ಸಾಲದೇ? ಸುಖ ತಾನಾಗಿ ಬರುವುದಿಲ್ಲವೇ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರು ನೀಲವ್ವ ನಕ್ಕಳು. "ಮೂವರು ಒಳ್ಳೆಯವರು ಸಿಕ್ಕಿದವಳ ಕತೆ ಕೇಳು" ಎಂದಳು.

ಒಂದೂರಿನಲ್ಲಿ ಒಬ್ಬ ನೇಕಾರ ಮುದುಕಿ. ಗಂಡನಿಲ್ಲ. ಜೊತೆಗೊಂದು ತಬ್ಬಲಿ ಮೊಮ್ಮಗಳು. ಆ ಮನೆಗೆ ಬೆಳಗ್ಗೆ ತಲೆಬಾಗಿಲಿಂದ ಒಬ್ಬ ಗಂಡಸು ಬರುತ್ತಿದ್ದ, ಮಧ್ಯಾಹ್ನ ಹಿತ್ತಲಿಂದ ಇನ್ನೊಬ್ಬ, ದೀಪ ಹಚ್ಚುವ ಹೊತ್ತಿಗೆ ಕೊಟ್ಟಿಗೆಯಿಂದ ಮತ್ತೊಬ್ಬ. ಅವಳೋ ಹಗಲೆಲ್ಲ ಅರೆಗಣ್ಣು, ತುಟಿಯಲ್ಲಿ ನಗು. ಕೇರಿ ಸುಮ್ಮನಿದ್ದೀತೇ? "ಮುದುಕಿಗೆ ಮೂವರಂತೆ ಕಣೇ, ನಮಗೆ ಒಬ್ಬನಲ್ಲೇ ಸಾಕುಬೇಕಾಗಿದೆ" ಎಂದು ನೀರಿಗೆ ಹೋದವರೆಲ್ಲ ಬಾಯಿ ಚಪ್ಪರಿಸಿದರು.

ಬರುತ್ತಿದ್ದವರು ವೈದ್ಯರು. ಒಬ್ಬ ಮಂಡಿಗೆ, ಒಬ್ಬ ಕೆಮ್ಮಿಗೆ, ಒಬ್ಬ ತಲೆನೋವಿಗೆ. ಮೂವರೂ ಹೆಸರುವಾಸಿ, ಒಬ್ಬನನ್ನು ಕಂಡರೆ ಒಬ್ಬನಿಗಾಗದು. ಬೇರೆಯವನ ಮದ್ದು ಮುಟ್ಟಿದರೆ ನಿನ್ನ ಹೊಸ್ತಿಲು ತುಳಿಯೆನೆಂದು ಮೂವರೂ ಹೇಳಿದ್ದರು. ಅದಕ್ಕೇ ಅವಳು ಒಬ್ಬೊಬ್ಬನಿಗೆ ಒಂದೊಂದು ಬಾಗಿಲು ತೋರಿಸಿದ್ದಳು.

ನೋವುಗಳೇನೋ ಹೋದವು. ಅವಳೂ ಹೋದಹಾಗೇ. ಮಗ್ಗದ ಮುಂದೆ ಕೂತರೆ ಮಗ್ಗ ತೇಲುತ್ತಿತ್ತು. ಲಾಳಿ ಮೀನಾಗಿ ನೂಲಿನೊಳಗೆ ಈಜುತ್ತಿತ್ತು. ಸತ್ತ ಗಂಡ ಬಂದು, ಸೆರಗಿಗೆ ಯಾವ ಬಣ್ಣ ಎಂದು ಕೇಳುತ್ತಿದ್ದ. ಮೊಮ್ಮಗಳು "ಅಜ್ಜಿ, ಹಸಿವು" ಎಂದರೆ ಅದು ಹೊಳೆಯಾಚೆಯ ಯಾವುದೋ ಹಕ್ಕಿಯ ದನಿ.

ಸುದ್ದಿ ಮಗುವಿನ ದೊಡ್ಡಪ್ಪನಿಗೆ ಮುಟ್ಟಿತು. "ಇಂಥವಳ ಹತ್ತಿರ ಮಗು ಬೇಡ, ಕರೆದೊಯ್ಯುತ್ತೇನೆ" ಎಂದು ಬಂದು ನಿಂತ. ಕೇರಿಯ ಹೆಂಗಸರಿಗೆ ಹಬ್ಬ. ಅಂದು ಬಂದಬಂದವರನ್ನು ಹೋಗಗೊಡದೆ ತಡೆದಿಟ್ಟು, ದೀಪ ಹಚ್ಚುವ ಹೊತ್ತಿಗೆ ಮೂವರು ವೈದ್ಯರನ್ನೂ ಪಂಚೆ ಹಿಡಿದು ಅಂಗಳಕ್ಕೆ ಎಳೆತಂದರು.

ಮಾನಕ್ಕೆ ಹೆದರಿ ಮೊದಲನೆಯವನು ಕೂಗಿದ: "ಮಂಡಿಗೆ ಗಸಗಸೆ ಕಾಯಿಯ ಕಷಾಯ ಕೊಡಲು ಬರುವವನಮ್ಮಾ ನಾನು!"

"ಗಸಗಸೆಯೇ? ಕೆಮ್ಮಿಗೆ ನಾನೂ ಅದನ್ನೇ ಕೊಟ್ಟೆನಲ್ಲಯ್ಯಾ" ಎಂದ ಎರಡನೆಯವನು.

ಮೂರನೆಯವನು ಮೆಲ್ಲಗೆ ತನ್ನ ಗಿಂಡಿಯನ್ನು ಬೆನ್ನ ಹಿಂದೆ ಸರಿಸಿದ; ಅದರಲ್ಲೂ ಇದ್ದದ್ದು ಅದೇ ಅಮಲಿನ ಕಷಾಯ.

ಅಂದು ಮೂವರೂ ಮೊದಲ ಸಲ ಒಂದೇ ಜಗುಲಿಯಲ್ಲಿ ಕೂತರು, ಒಂದೇ ಮದ್ದು ಗೊತ್ತುಮಾಡಿದರು. ಸ್ವಲ್ಪ ದಿನಕ್ಕೆ ಮುದುಕಿಯ ಕಣ್ಣು ತಿಳಿಯಾಯಿತು. ಮಂಡಿ ಒಂದಿಷ್ಟು ನೋಯುತ್ತಿತ್ತು, ನೋಯಲಿ. "ಅಯ್ಯೋ ನನ್ನವ್ವಾ, ನಿನಗೆ ಇಷ್ಟೊಂದು ಮಾತು ಯಾವಾಗ ಬಂತೇ?" ಎಂದು ಮೊಮ್ಮಗಳನ್ನು ಅಪ್ಪಿಕೊಂಡಳು. ದೊಡ್ಡಪ್ಪ ಒಬ್ಬನೇ ಊರಿಗೆ ಹೋದ.

"ಮೂವರಲ್ಲಿ ತಪ್ಪಿದವನು ಯಾರು ತಾಯಿ?" ಎಂದ ಮರುಳಯ್ಯ.

"ಯಾರೂ ತಪ್ಪಿರಲಿಲ್ಲ ಕಣೋ. ಮೂರು ಸರಿಯಾದ ಅಳತೆ ಒಂದೇ ಹೊಟ್ಟೆಗೆ ಬಿತ್ತು, ಅದಕ್ಕೇ ಅವಳಿಗೆ ಎಚ್ಚರವಿರಲಿಲ್ಲ."